ಮಾಟುಂಗಾ ರೋಡ್ ದಾಟುವಾಗ

ನಮ್ಮ ಕನ್ನಡ ಸಂಘದಲ್ಲಿ ನನಗೆ ದೊಡ್ಡ ಓದುಗ ಎಂಬ ಹೆಸರಿದೆ. ವಾಚನಾಲಯದ ರಿಜಿಸ್ಟರಿನಲ್ಲಿ ಅತಿ ಹೆಚ್ಚು ಸಲ ಸಹಿ ಮಾಡಿದವನೆಂದು ಎರಡು ವರ್ಷದ ಹಿಂದಿನ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದ್ದಾರೆ. ಅಂದು ಅಧ್ಯಕ್ಷರು, 'ಇವರು ನಿಂತೇ ಓದುವ ಓದುಗರು, ವಿರಾರ್ ಗಾಡಿಯ ನೂಕುನುಗ್ಗಲಿನಲ್ಲೂ ಪುಸ್ತಕ ಬಿಡುವವರಲ್ಲ' ಎಂದು ಹೊಗಳಿದರು. ನಾನು ಕೈಮುಗಿದು ಕುಳಿತಿದ್ದೆ.

ನಿಜ ಬೇರೆ. ಸಂಜೆ ಫೋರ್ಟಿನ ಆಫೀಸು ಮುಗಿಸಿ ಕಾಂದಿವಲಿಗೆ ಮರಳುವಾಗ ಗಾಡಿ ದಾದರ್ ಬಿಟ್ಟಿತೆಂದರೆ ನಾನು ಚೀಲದಿಂದ ಪುಸ್ತಕ ತೆಗೆಯುತ್ತಿದ್ದೆ. ಮಾಹಿಮ್ ದಾಟುವವರೆಗೆ ತಲೆ ಎತ್ತುತ್ತಿರಲಿಲ್ಲ. ಫಾಸ್ಟ್ ಗಾಡಿಗೆ ಅದು ಕೆಲವೇ ನಿಮಿಷದ ದಾರಿ. ಕಿಟಕಿಯಾಚೆ ನೋಡಬಾರದೆಂದು ಶುರುವಾದದ್ದು. ಆಮೇಲೆ ಓದಿನ ರುಚಿಯೂ ಹತ್ತಿತು, ಸುಳ್ಳು ಹೇಳುವುದಿಲ್ಲ. ಆದರೆ ಎಷ್ಟೋ ಸಂಜೆ ಒಂದೇ ಪುಟವನ್ನು ಹಿಡಿದು ನಿಂತಿದ್ದೇನೆ, ಒಂದಕ್ಷರವೂ ಒಳಗೆ ಹೋಗದೆ.

2006ರ ಜುಲೈ 11, ಮಂಗಳವಾರ. ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಆರೂಕಾಲರ ನಂತರ 11 ನಿಮಿಷಗಳಲ್ಲಿ ಪಶ್ಚಿಮ ರೈಲ್ವೆಯ ಏಳು ಲೋಕಲ್ ಗಾಡಿಗಳಲ್ಲಿ ಬಾಂಬು ಸ್ಫೋಟಿಸಿತು. ಏಳೂ ಫಸ್ಟ್ ಕ್ಲಾಸ್ ಡಬ್ಬಿಗಳು. ಸತ್ತವರು 180ಕ್ಕೂ ಹೆಚ್ಚು, ಗಾಯಗೊಂಡವರು 800ಕ್ಕೂ ಹೆಚ್ಚು. ಮಾಟುಂಗಾ ರೋಡ್ ಮತ್ತು ಮಾಹಿಮ್ ನಡುವೆ ಸ್ಫೋಟವಾದ ಗಾಡಿಯಲ್ಲಿ ನಾನಿದ್ದೆ. ಫಸ್ಟ್ ಕ್ಲಾಸಿನ ಪಾಸು ತೆಗೆಸುವ ಸಂಬಳ ನನಗಿರಲಿಲ್ಲ. ಪಕ್ಕದ ಸೆಕೆಂಡ್ ಕ್ಲಾಸಿನಲ್ಲಿದ್ದೆ. ಬದುಕಿದ್ದು ಅಷ್ಟಕ್ಕೇ.

ಈ ಸಂಗತಿಯನ್ನು ನಾನು ಹತ್ತೊಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಹೇಳಿದ್ದು, 'ನಾನು ಹಿಂದಿನ ಗಾಡಿಯಲ್ಲಿದ್ದೆ' ಎಂದು.

ಕಳೆದ ವರ್ಷ, 2025ರ ಜುಲೈ 21ರಂದು, ಈ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 2015ರಲ್ಲಿ ಶಿಕ್ಷೆ ವಿಧಿಸಿದ್ದ 12 ಮಂದಿಯನ್ನೂ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿದೆ, ಅದರ ಸರಿತಪ್ಪು ಹೇಳಲು ನಾನು ಯಾರೂ ಅಲ್ಲ. ಆದರೆ ಮರುದಿನ ಬೆಳಿಗ್ಗೆ ಗಾಡಿಯಲ್ಲಿ ಪತ್ರಿಕೆ ಬಿಡಿಸಿದಾಗ ಹಳೆಯ ಫೋಟೋ ಹಾಕಿದ್ದರು. ಬಾಗಿಲ ಕಂಬಗಳೆಲ್ಲ ಹೊರಕ್ಕೆ ಬಾಗಿ, ತಗಡು ಹರಿದ ಡಬ್ಬಿ. ನನ್ನ ಕೈ ನಡುಗತೊಡಗಿತು. ಪಕ್ಕದ ಗುಜರಾತಿ ಹುಡುಗ ಎದ್ದು ಜಾಗ ಕೊಟ್ಟ. ಅಂಧೇರಿಯಲ್ಲಿ ಇಳಿದು, ಆಫೀಸಿಗೆ ಫೋನು ಮಾಡಿ ಜ್ವರವೆಂದು ಸುಳ್ಳು ಹೇಳಿ ಮನೆಗೆ ಬಂದೆ. ಹತ್ತೊಂಬತ್ತು ವರ್ಷ ಹಿಂದಿನದು ಹೀಗೆ ನಿನ್ನೆಯದಾಗಿ ಬರುವುದೆಂದರೇನು ಎಂದು ಅವತ್ತು ಮೊದಲ ಬಾರಿ ಕೇಳಿಕೊಂಡೆ.

ಆ ವಾರದ ಶನಿವಾರ ಫೋರ್ಟಿನ ಫುಟ್‌ಪಾತಿನಲ್ಲಿ ಪುಸ್ತಕ ಮಾರುವವನ ಹತ್ತಿರ 'ದಿ ಬಾಡಿ ಕೀಪ್ಸ್ ದಿ ಸ್ಕೋರ್' ಎಂಬ ಪುಸ್ತಕ ಕಂಡಿತು. ನಕಲಿ ಪ್ರತಿ, ಇನ್ನೂರು ರೂಪಾಯಿ. ನಾನು ಕ್ಲಿಯರಿಂಗ್ ಏಜೆಂಟರ ಆಫೀಸಿನ ಲೆಕ್ಕದ ಗುಮಾಸ್ತ. ದೇಹ ಲೆಕ್ಕ ಇಡುತ್ತದೆ ಎಂಬ ಮಾತು ಹಿಡಿಸಿತು. ಬಿಪಿ, ಶುಗರ್ ಬಗ್ಗೆ ಇರಬೇಕು, ಎರಡೂ ನನಗಿವೆ ಎಂದುಕೊಂಡೇ ಕೊಂಡದ್ದು. ಬರೆದವರು ಬೆಸೆಲ್ ವ್ಯಾನ್ ಡರ್ ಕೋಲ್ಕ್ ಎಂಬ ಡಚ್ ಮೂಲದ ಮನೋವೈದ್ಯರು. ಅಮೆರಿಕದ ಬಾಸ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಆಸ್ಪತ್ರೆಗೆ 1978ರಲ್ಲಿ ಸೇರಿದವರು. ಪುಸ್ತಕ ಬಂದದ್ದು 2014ರಲ್ಲಿ.

ರಾತ್ರಿ ಶಾಲೆಯಲ್ಲಿ ಕಲಿತ ಇಂಗ್ಲಿಷ್ ನನ್ನದು. ಮಾವನ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಏಳಕ್ಕೆ ಬೆಂಚಿನ ಮೇಲೆ ಕೂತು ಕಲಿತದ್ದು. ಆ ಪುಸ್ತಕ ಮುಗಿಸಲು ಎರಡು ತಿಂಗಳು ಹಿಡಿಯಿತು. ಮೊದಲ ಅಧ್ಯಾಯದಲ್ಲೇ ಒಬ್ಬ ವಕೀಲ ಬರುತ್ತಾನೆ. ವಿಯೆಟ್ನಾಮಿನಲ್ಲಿ ಗೆಳೆಯರನ್ನೆಲ್ಲ ಕಳೆದುಕೊಂಡವನು. ಊರಿಗೆ ಬಂದು ಮದುವೆಯಾಗಿ ಒಳ್ಳೆಯ ಪ್ರಾಕ್ಟೀಸು ಇದ್ದರೂ, ಮಕ್ಕಳ ಗಲಾಟೆಗೆ ಸಿಡಿದು ಮನೆ ಬಿಟ್ಟು ಹೊರಟುಬಿಡುವವನು. ದುಃಸ್ವಪ್ನ ನಿಲ್ಲಿಸಲು ಡಾಕ್ಟರು ಮಾತ್ರೆ ಕೊಟ್ಟರೆ ನುಂಗುವುದಿಲ್ಲ. ಕನಸು ನಿಂತರೆ ಸತ್ತ ಗೆಳೆಯರಿಗೆ ದ್ರೋಹ ಮಾಡಿದಂತೆ ಎನ್ನುತ್ತಾನೆ. ಆ ಪುಟದ ಹತ್ತಿರ ಪುಸ್ತಕ ಮುಚ್ಚಿ ನಾನು ಬಾಲ್ಕನಿಗೆ ಹೋಗಿ ನಿಂತೆ.

ಮಗಳಿಗೆ ಆರು ವರ್ಷ ತುಂಬಿದ್ದು ಆ ವರ್ಷದ ಡಿಸೆಂಬರಿನಲ್ಲಿ. ಮನೆಗೆ ಸೊಸೈಟಿಯ ಮಕ್ಕಳೆಲ್ಲ ಬಂದಿದ್ದರು. ಬಲೂನು ಕಟ್ಟಿದ್ದೆವು. ಕೇಕು ಕತ್ತರಿಸಿದ ಮೇಲೆ ಅವಳು ಪಿನ್ನಿನಿಂದ ನನ್ನ ಕಿವಿಯ ಹತ್ತಿರವೇ ಒಂದು ಬಲೂನು ಒಡೆದಳು. ನಾನು ಅವಳ ಕೆನ್ನೆಗೆ ಹೊಡೆದೆ. ಅಷ್ಟು ಮಕ್ಕಳೆದುರಿಗೆ, ಹುಟ್ಟುಹಬ್ಬದ ದಿನ. ಅದಕ್ಕೂ ಮುಂಚೆ ಅವಳ ಮೇಲೆ ಕೈ ಎತ್ತಿದವನಲ್ಲ. ಆ ಮೇಲೆ ನಮ್ಮ ಮನೆಗೆ ಬಲೂನು ಬರಲಿಲ್ಲ. ದೀಪಾವಳಿಗೆ ನಾಲ್ಕು ದಿನ ನಾನು ಊರಿಗೆ ಹೋಗುತ್ತೇನೆ, ಅಲ್ಲಿ ಪಟಾಕಿ ಕಮ್ಮಿ. 'ಇವರಿಗೆ ಬಿಪಿ, ಶಬ್ದ ಆಗುವುದಿಲ್ಲ' ಎಂದು ಹೆಂಡತಿ ಎಲ್ಲರಿಗೂ ಹೇಳಿಕೊಂಡು ಬಂದಳು. ನಾನೂ ಅದನ್ನೇ ನಂಬಿದ್ದೆ.

ಪುಸ್ತಕದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಸಂಗತಿ ಇದು. ಲೇಖಕರು ಮತ್ತು ಅವರ ಸಹೋದ್ಯೋಗಿಗಳು, ಘೋರ ಅನುಭವದಿಂದ ಹಾದುಬಂದ ಕೆಲವರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಅವರವರ ಆ ದಿನದ ವಿವರವನ್ನು ಅವರಿಗೇ ಓದಿ ಕೇಳಿಸಿದರು. ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಭಾಗ ಭಗ್ಗೆಂದು ಎದ್ದಿತು. ಅದೇ ಹೊತ್ತಿಗೆ ಮಾತು ಕಟ್ಟುವ ಬ್ರೋಕಾ ಎಂಬ ಭಾಗ ಮಂಕಾಯಿತು. ಅಂದರೆ, ಆ ಗಳಿಗೆ ಮತ್ತೆ ಬಂದಾಗ ಮನುಷ್ಯನಿಗೆ ಕಾಣುತ್ತದೆ, ವಾಸನೆ ಹೊಡೆಯುತ್ತದೆ, ಮಾತು ಮಾತ್ರ ಬರುವುದಿಲ್ಲ. 'ಬಾಯಿ ಕಟ್ಟಿಹೋಯಿತು' ಎಂದು ನಮ್ಮ ಕಡೆ ಹೇಳುವುದು ಬರೀ ಮಾತಿನ ಚಂದಕ್ಕಲ್ಲ ಎಂದಾಯಿತು.

ನಾನು ಊರಿಗೆ ಹೋದಾಗ ಅಮ್ಮ ಮುಖ ನೋಡಿಯೇ, 'ಮಗಾ, ನೀನು ಹೆದರಿದ್ದಿ' ಎಂದು ಹೇಳಿ, ದೇವಸ್ಥಾನದಿಂದ ನೂಲು ಮಂತ್ರಿಸಿ ತಂದು ತೋಳಿಗೆ ಕಟ್ಟಿದ್ದಳು. ನಾನು ಹಿಂದಿನ ಗಾಡಿಯ ಕತೆಯನ್ನೇ ಅವಳಿಗೂ ಹೇಳಿದ್ದೆ. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈಗ ಅವಳಿಲ್ಲ. ಆ ನೂಲನ್ನು ನಗುತ್ತಲೇ ಕಟ್ಟಿಸಿಕೊಂಡವನು ನಾನು, ಆದರೆ ಅದು ತಾನಾಗಿ ಹರಿದು ಬೀಳುವವರೆಗೆ ಬಿಚ್ಚಲಿಲ್ಲ.

ಪುಸ್ತಕದ ಎಲ್ಲವನ್ನೂ ನಾನು ಒಪ್ಪಿಕೊಂಡೆನೆಂದಲ್ಲ. ಕಣ್ಣುಗುಡ್ಡೆಯನ್ನು ಆಚೀಚೆ ಆಡಿಸುತ್ತ ನೆನಪನ್ನು ಮಾತಾಡಿಸುವ ಇಎಮ್‌ಡಿಆರ್ ಎಂಬ ಚಿಕಿತ್ಸೆಯ ಬಗ್ಗೆ ಅದರಲ್ಲಿ ಬಹಳ ಭರವಸೆಯಿದೆ. ಅದರಿಂದ ಗುಣವಾದವರಿದ್ದಾರೆ, ಆದರೆ ಗುಣಕ್ಕೆ ಆ ಕಣ್ಣಾಟವೇ ಕಾರಣವೇ ಎಂಬುದರಲ್ಲಿ ತಜ್ಞರಲ್ಲೇ ಜಗಳವಿದೆ. ಇನ್ನೊಂದು ವಿಷಯ ಬೇರೆ ಕಡೆ ಓದಿದೆ: ಅನಾಹುತವಾದ ಕೂಡಲೇ ಎಲ್ಲರನ್ನೂ ಕೂರಿಸಿ, ಒಂದೇ ಸಲಕ್ಕೆ ಏನಾಯಿತು ಹೇಳು ಎಂದು ಬಾಯಿ ಬಿಡಿಸುವುದು ಒಂದು ಕಾಲಕ್ಕೆ ಒಳ್ಳೆಯ ಪದ್ಧತಿಯೆಂದಿತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೇ ಆಗಬಹುದು ಎಂದು ಕಂಡಿತು. ಬಹಳ ಮಂದಿ ತಾವಾಗಿಯೇ, ಮನೆಮಂದಿಯ ನಡುವೆ, ನಿಧಾನವಾಗಿ ಸರಿಹೋಗುತ್ತಾರೆ. ಕೆಲವರಿಗೆ ಮಾತ್ರ ಅದು ಉಳಿದುಬಿಡುತ್ತದೆ. ಆ ಕೆಲವರಲ್ಲಿ ನಾನಿದ್ದೇನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತಿತ್ತು. ನನಗೆ ಒಂದು ತರಚು ಗಾಯವೂ ಆಗಿರಲಿಲ್ಲವಲ್ಲ.

ಮರುದಿನವೇ ಗಾಡಿಗಳು ಓಡಿದವು, ಜನ ಕೆಲಸಕ್ಕೆ ಹೋದರು, ಪತ್ರಿಕೆಗಳು 'ಮುಂಬಯಿ ಸ್ಪಿರಿಟ್' ಎಂದು ಬರೆದವು. ಆ ಗಾಡಿಯಲ್ಲಿ ನಾನೂ ಇದ್ದೆ. ನನ್ನ ಮಟ್ಟಿಗೆ ಅದು ಸ್ಪಿರಿಟ್ಟೂ ಅಲ್ಲ, ಏನೂ ಅಲ್ಲ. ರಜೆ ಹಾಕಿದರೆ ಸಂಬಳ ಕಡಿಯುತ್ತಿದ್ದರು.

ಆ ಪುಸ್ತಕದಿಂದ ಬೇರೆ ಓದಿಗೂ ದಾರಿಯಾಯಿತು. ಮೊದಲ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದ ಸೈನಿಕರು ನಡುಗುತ್ತ, ಮಾತು ನಿಂತು, ಕಣ್ಣು ಕಾಣದೆ ಆಸ್ಪತ್ರೆಗೆ ಬರತೊಡಗಿದಾಗ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 1915ರಲ್ಲಿ ಅದನ್ನು 'ಶೆಲ್ ಶಾಕ್' ಎಂಬ ಹೆಸರಿನಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಸೈನ್ಯ ಅದನ್ನು ಪೂರ್ತಿ ನಂಬಲಿಲ್ಲ. ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸಿಪಾಯಿ ಶೆಲ್ ಶಾಕಿಗೆ ಚಿಕಿತ್ಸೆ ಪಡೆದು ಮತ್ತೆ ಕಂದಕಕ್ಕೆ ಹೋದವನು. ಒಂದು ದಿನ ಮುಂದೆ ಹೆಜ್ಜೆ ಇಡಲಾರೆ ಎಂದ. 1916ರ ಅಕ್ಟೋಬರಿನಲ್ಲಿ ಹೇಡಿತನದ ಆರೋಪದ ಮೇಲೆ ಅವನ ಕಡೆಯವರೇ ಅವನನ್ನು ಗುಂಡಿಟ್ಟು ಕೊಂದರು. ಇಪ್ಪತ್ತೈದು ವರ್ಷ ವಯಸ್ಸು. ಅವನ ಮಗಳು ಮುದುಕಿಯಾದ ಮೇಲೂ ಬಿಡದೆ ಹೋರಾಡಿದಳು. ಅವಳ 93ನೇ ವಯಸ್ಸಿನಲ್ಲಿ, ಹಾಗೆ ಕೊಲ್ಲಲ್ಪಟ್ಟ 306 ಸೈನಿಕರಿಗೆ ಬ್ರಿಟಿಷ್ ಸರ್ಕಾರ ಕ್ಷಮೆ ಘೋಷಿಸಿತು.

ಘೋಷಿಸಿದ್ದು 2006ರ ಆಗಸ್ಟಿನಲ್ಲಿ. ನಾನು ಹಳಿಯ ಮೇಲಿಂದ ನಡೆದು ಹೋದ ಮರುತಿಂಗಳು. ಇಸವಿ ಓದಿದಾಗ ಮೈ ಜುಮ್ಮೆಂದಿತು. ಆ ಕಾನೂನಿನಲ್ಲಿ ಒಂದು ಸಾಲಿದೆಯಂತೆ: ಈ ಕ್ಷಮೆಯಿಂದ ಅಂದಿನ ತೀರ್ಪಾಗಲಿ ಶಿಕ್ಷೆಯಾಗಲಿ ಬದಲಾಗುವುದಿಲ್ಲ. ಲೆಕ್ಕದವನಾದ ನನಗೆ ಇದು ಅರ್ಥವಾಗುತ್ತದೆ. ಹಳೆಯ ಪುಸ್ತಕ ತಿದ್ದುವ ಹಾಗಿಲ್ಲ.

ಈಗ ನನ್ನ ವಿಷಯ ಹೇಳಬೇಕು.

ಶಬ್ದ ಕೇಳಿಸಿದ ನೆನಪು ನನಗಿಲ್ಲ. ಗಾಡಿ ನಿಂತಿತ್ತು, ಕಿವಿಯಲ್ಲಿ ಸಿಳ್ಳೆ, ಹೊಗೆ. ಯಾರೋ ದೂಡಿದರು, ನಾನು ಜಲ್ಲಿಕಲ್ಲಿನ ಮೇಲೆ ಇಳಿದಿದ್ದೆ. ಮಳೆಗಾಲ, ನೆಲ ಒದ್ದೆ. ಸುಟ್ಟ ರಬ್ಬರಿನ ವಾಸನೆ. ಹಳಿಯ ಬದಿಯ ಝೋಪಡಿಗಳಿಂದ ಜನ ಚಾದರಗಳನ್ನು ಹಿಡಿದು ಓಡಿ ಬರುತ್ತಿದ್ದರು. ಆ ಚಾದರಗಳಲ್ಲೇ ಗಾಯಾಳುಗಳನ್ನು ಹೊತ್ತದ್ದು, ನಾಲ್ಕು ಮೂಲೆಗೆ ನಾಲ್ಕು ಜನ. ಒಂದು ಚಾದರಕ್ಕೆ ಮೂರು ಜನರಿದ್ದರು. ನನಗಿಂತ ನಾಲ್ಕು ಹೆಜ್ಜೆ ದೂರ. ಅದರಲ್ಲೊಬ್ಬ, ಬನಿಯನ್ ಹಾಕಿದ್ದ ಹುಡುಗ, ನನ್ನನ್ನೇ ನೋಡಿ ಕೂಗಿದ: 'ಭಾವೂ, ಹಾತ್ ದ್ಯಾ!' ಅಣ್ಣಾ, ಕೈ ಕೊಡಿ.

ನಾನು ಕೊಡಲಿಲ್ಲ. ಅವನನ್ನು ನೋಡಿದೆ, ಚಾದರದಲ್ಲಿದ್ದವರನ್ನೂ ನೋಡಿದೆ, ತಿರುಗಿ ನಡೆದೆ. ಓಡಲಿಲ್ಲ, ನಡೆದೆ. ಮಾಹಿಮ್ ಬದಿಯಿಂದ ರಸ್ತೆಗೆ ಬಿದ್ದು, ಕಾಸ್‌ವೇ ದಾಟಿ ಬಾಂದ್ರಾ, ಅಲ್ಲಿಂದ ಮುಂದೆ. ಫೋನು ಯಾರಿಗೂ ಸಿಗುತ್ತಿರಲಿಲ್ಲ. ದಾರಿಯುದ್ದಕ್ಕೂ ಜನ ನೀರು, ಬಿಸ್ಕೀಟು ಹಂಚುತ್ತಿದ್ದರು. ಒಬ್ಬಳು ಹೆಂಗಸು ಕೈಗೆ ಬಿಸ್ಕೀಟಿನ ಪೊಟ್ಟಣ ಇಟ್ಟು ಬೆನ್ನು ಸವರಿದಳು. ಇಸಕೊಂಡೆ. ಕೊನೆಗೊಂದು ಟೆಂಪೋದವನು ಹತ್ತಿಸಿಕೊಂಡ. ಮನೆ ಸೇರಿದಾಗ ಹನ್ನೆರಡು ದಾಟಿತ್ತು. ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಸೊಸೈಟಿಯ ಗೇಟಿನಲ್ಲಿ ನಿಂತಿದ್ದಳು. 'ಹಿಂದಿನ ಗಾಡಿ' ಎಂಬ ಮಾತು ಅಲ್ಲೇ ಬಾಯಿಗೆ ಬಂದದ್ದು.

ಅಂಥ ಗಳಿಗೆಯಲ್ಲಿ ಮನುಷ್ಯ ಕಲ್ಲಾಗುವುದು, ದಿಕ್ಕುತಪ್ಪಿ ನಡೆಯುವುದು ದೇಹದ ಕೆಲಸ, ಯೋಚಿಸಿ ಮಾಡುವುದಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಬೇರೆಯವರು ನಮಗೆ ಮಾಡಿದ್ದಕ್ಕಿಂತ, ಆ ಹೊತ್ತಿನಲ್ಲಿ ನಾವು ನಡೆದುಕೊಂಡ ರೀತಿಯ ಅವಮಾನವೇ ಮಾಯಲು ಕಷ್ಟವಾದ ಗಾಯ ಎಂದೂ ವ್ಯಾನ್ ಡರ್ ಕೋಲ್ಕ್ ಬರೆಯುತ್ತಾರೆ. ಎರಡನ್ನೂ ಓದಿ ನನಗೆ ಅರ್ಧ ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ. ದೇಹದ ಕೆಲಸವೆಂದರೆ, ಆ ಬನಿಯನ್ ಹುಡುಗನಿಗೂ ದೇಹವಿತ್ತು. ಅವನ ದೇಹ ಗಾಡಿಯ ಕಡೆ ಓಡಿತು. ಈ ಪ್ರಶ್ನೆಯನ್ನು ಯಾವ ಪುಸ್ತಕವೂ ನನಗೆ ಬಿಡಿಸಿಕೊಟ್ಟಿಲ್ಲ.

ಜೇಮ್ಸ್ ಪೆನ್ನಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಒಂದು ಪ್ರಯೋಗದ ಬಗ್ಗೆ ಓದಿದ್ದೆ, 1986ರದು. ಕಾಲೇಜು ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬದುಕಿನ ಅತಿ ನೋವಿನ ಸಂಗತಿ ಬರೆಯಲು ಹೇಳಿದರು. ನಡೆದದ್ದನ್ನೂ ಅದರ ಸಂಕಟವನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಮ್ಮಿ. ನಾನೂ ಆಫೀಸಿನ ಹಳೆಯ ಲೆಡ್ಜರಿನ ಹಿಂಬದಿಯ ಹಾಳೆಗಳಲ್ಲಿ ಬರೆದೆ. ಮೊದಲ ದಿನ ಗಾಡಿಯ ಹೊತ್ತು, ಡಬ್ಬಿ, ಮಳೆ, ಇಷ್ಟೇ ಬಂತು. ಪಂಚನಾಮೆಯ ಹಾಗೆ. ಎರಡನೆಯ ದಿನವೂ ಅದೇ. ಮೂರನೆಯ ದಿನ 'ಭಾವೂ' ಎಂದು ಬರೆದು ಪೆನ್ನು ನಿಂತಿತು. ಅದು ಮರಾಠಿಯಲ್ಲಿ ಕೇಳಿಸಿದ ಮಾತು, ಮರಾಠಿಯಲ್ಲೇ ಒಳಗೆ ಕೂತಿತ್ತು. 'ಅಣ್ಣಾ, ಕೈ ಕೊಡಿ' ಎಂದು ಕನ್ನಡದಲ್ಲಿ ಬರೆದಾಗ ಅಳು ಬಂತು. ಊರಿನಲ್ಲಿ ತಮ್ಮನೊಬ್ಬ ಕೇಳಿದ ಹಾಗಾಯಿತು. ನಾಲ್ಕನೆಯ ದಿನ ಬರೆಯಲಿಲ್ಲ, ಹೆಂಡತಿಗೆ ಹೇಳಿದೆ.

ಅವಳು ತೊಗರಿಬೇಳೆ ಆರಿಸುತ್ತ ಕೂತಿದ್ದಳು. 'ನಾನು ಹಿಂದಿನ ಗಾಡಿಯಲ್ಲಿರಲಿಲ್ಲ' ಎಂದೆ.

'ಗೊತ್ತುಂಟು' ಎಂದಳು, ತಲೆ ಎತ್ತದೆ. 'ಆ ಷರಟು ನಾನೇ ಅಲ್ಲವಾ ತೊಳೆದದ್ದು? ಮೂರು ಸಲ ನೆನೆಸಿದರೂ ಮಸಿ ಹೋಗಲಿಲ್ಲ. ಆಮೇಲೆ ಬಿಸಾಡಿದೆ.'

'ಹಾಗಾದರೆ ಕೇಳಲಿಲ್ಲ ಯಾಕೆ?'

'ನೀವು ಹೇಳಲಿಲ್ಲ ಯಾಕೆ?'

ಆಗ ಚಾದರದ ಸಂಗತಿ ಹೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ಪರವಾಗಿಲ್ಲ ಎಂದೋ, ನಿಮ್ಮದೇನು ತಪ್ಪು ಎಂದೋ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಮೊರವನ್ನು ಬದಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ, 'ನೀವೂ ಹೋಗಿ ಹಿಡಿದಿದ್ದರೆ ಒಳ್ಳೆಯದಿತ್ತು. ಮನೆಗೆ ಬಂದದ್ದೂ ಒಳ್ಳೆಯದೇ ಆಯಿತು' ಎಂದಳು. ಎರಡನ್ನೂ ಒಂದೇ ಉಸಿರಿನಲ್ಲಿ. ಈ ಎರಡು ತಿಂಗಳಲ್ಲಿ ಓದಿದ ಯಾವ ಪುಟವೂ ನನಗೆ ಅಷ್ಟು ಹಗುರ ಮಾಡಿರಲಿಲ್ಲ.

ಪುಣೆಯಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋನಿನಲ್ಲಿ ಆ ಹುಟ್ಟುಹಬ್ಬದ ಮಾತು ತೆಗೆದೆ. 'ಹೊಡೆದದ್ದಾ? ನನಗೆ ನೆನಪೇ ಇಲ್ಲ ಅಪ್ಪಾ' ಎಂದಳು. ಸ್ವಲ್ಪ ತಡೆದು, 'ನಮ್ಮ ಮನೆಯಲ್ಲಿ ಯಾಕೆ ಬಲೂನು ಕಟ್ಟುವುದಿಲ್ಲ ಅಂತ ಮಾತ್ರ ಯಾವಾಗಲೂ ಅನ್ನಿಸುತ್ತಿತ್ತು' ಎಂದಳು.

ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. 2022ರಿಂದ ಇದೆ, ದುಡ್ಡಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತಾಡುತ್ತಾರೆ. ಹೊರನಾಡಿನಲ್ಲಿರುವ ನಮಗೆ ಇದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ನಾನು ಮೊದಲು ಅಲ್ಲಿಗೆ ಫೋನು ಮಾಡಿ, ಆಮೇಲೆ ಹತ್ತಿರದ ಸಾರ್ವಜನಿಕ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಸ್ ಪೇಪರ್ ಮಾಡಿಸಿದೆ. ಕ್ಯೂನಲ್ಲಿ ಪರಿಚಯದವರು ಯಾರಾದರೂ ಕಂಡರೆ ಏನು ಹೇಳುವುದೆಂದು ಬಿಪಿ ಮಾತ್ರೆಯ ಚೀಟಿಯನ್ನು ಮೇಲೆ ಇಟ್ಟುಕೊಂಡಿದ್ದೆ.

ಅಲ್ಲಿಯ ಸಮಾಲೋಚಕಿ ನನ್ನ ಮಗಳ ವಯಸ್ಸಿನವಳು, ಮರಾಠಿ ಹುಡುಗಿ. ಕನ್ನಡದಲ್ಲಿ ಬರೆದದ್ದನ್ನು ಅವಳಿಗೆ ಮರಾಠಿಯಲ್ಲಿ ಹೇಳಬೇಕಾಯಿತು. ಅದೇ ಭಾಷೆಯಲ್ಲಿ, ಅದೇ ಮಾತನ್ನು. ನಾನು ತಡವರಿಸಿ ನಿಂತಾಗಲೆಲ್ಲ ಅವಳು ಮೆಲ್ಲಗೆ 'ಮಗ?' ಎನ್ನುತ್ತಿದ್ದಳು. ಮರಾಠಿಯಲ್ಲಿ ಅದಕ್ಕೆ 'ಆಮೇಲೆ?' ಎಂದರ್ಥ. ನನಗೆ ಪ್ರತಿ ಸಲವೂ ಅಮ್ಮನೇ ಕರೆದ ಹಾಗೆ ಕೇಳುತ್ತಿತ್ತು.

ಈಗ ಆರು ಸಲ ಹೋಗಿಬಂದೆ. ನಿದ್ದೆ ಸ್ವಲ್ಪ ಸುಧಾರಿಸಿದೆ, ಶಬ್ದಕ್ಕೆ ಈಗಲೂ ಬೆಚ್ಚುತ್ತೇನೆ. ಅವಳು ಮನೆಪಾಠ ಕೊಡುತ್ತಾಳೆ. ಹೆದರಿದ್ದನ್ನು ಒಮ್ಮೆಲೇ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಕ್ರಮ. ಮೊದಲ ಪಾಠ, ದಾದರ್ ಬಿಟ್ಟ ಮೇಲೆ ಪುಸ್ತಕ ತೆಗೆಯಬಾರದು. ಎರಡನೆಯದು, ಮಾಟುಂಗಾ ರೋಡಿನಿಂದ ಮಾಹಿಮ್‌ವರೆಗೆ ಹೊರಗೆ ನೋಡಿ ಕಂಡದ್ದನ್ನು ಬಂದು ಹೇಳಬೇಕು. ಮೊದಲ ಸಂಜೆ ಕಂಬಿ ಹಿಡಿದ ಕೈ ಬೆವರಿ ಜಾರುತ್ತಿತ್ತು. ಮೂರನೆಯ ವಾರದಲ್ಲಿ ಪಟ್ಟಿ ಕೊಟ್ಟೆ: ಒಂದು ಗೋಡೆ, ಒಣಗಲು ಹಾಕಿದ ಬಟ್ಟೆ, ನೀಲಿ ತಾಡಪತ್ರಿ, ಹಳಿಯ ಬದಿಯಲ್ಲಿ ಕ್ರಿಕೆಟ್ ಆಡುವ ನಾಲ್ಕೈದು ಹುಡುಗರು. ಇಷ್ಟೇ ಇರುವುದು ಅಲ್ಲಿ.

ಮುಂದಿನ ಪಾಠ ಸ್ಲೋ ಗಾಡಿ ಹತ್ತಿ ಮಾಟುಂಗಾ ರೋಡಿನಲ್ಲಿ ಇಳಿಯುವುದು. ಹಳಿಯ ಬದಿಯ ಆ ಗಲ್ಲಿಯಲ್ಲಿ ಒಂದು ಚಹಾ ಕುಡಿದು ಬರುವುದು. ಬನಿಯನ್ ಹುಡುಗ ಈಗ ಅಲ್ಲಿದ್ದರೆ ನಲವತ್ತರ ಹತ್ತಿರ ಬಂದಿರಬೇಕು, ಇದ್ದರೂ ನನಗೆ ಗುರುತು ಹತ್ತುವುದಿಲ್ಲ. ಕಳೆದ ಗುರುವಾರ ಸ್ಲೋ ಗಾಡಿ ಹತ್ತಿದ್ದೆ. ಮಾಟುಂಗಾ ರೋಡ್ ಬಂತು, ನಿಂತಿತು, ನಾನು ಇಳಿಯಲಿಲ್ಲ. ಹೋಗಿ ಅವಳಿಗೆ ಹಾಗೆಯೇ ಹೇಳಿದೆ. ಕಾಗದದಲ್ಲಿ ಏನೋ ಬರೆದುಕೊಂಡು, 'ಮಗ?' ಎಂದಳು. 'ಬರುವ ಗುರುವಾರ' ಎಂದು ಹೇಳಿ ಬಂದಿದ್ದೇನೆ. ಹೆಂಡತಿ ತಾನೂ ಬರುತ್ತೇನೆ ಎಂದಿದ್ದಾಳೆ.